ರಿವರ್ಸ್ ರಿವರ್ಬ್ ಹಾಕಿದ ಮೇಲೆ ಕೀಬೋರ್ಡ್ ತೊಂದರೆ ಕೊಡುತ್ತಿದೆಯೇ? ದೋಷ ಹುಡುಕುವ ಬಗೆ

“ಅಣ್ಣಾ, ಕೀ ಒತ್ತಿದ ಮೇಲೆ ಸೌಂಡ್ ಲೇಟಾಗಿ ಬರ್ತಿದೆ. ಕೀಬೋರ್ಡ್ ಕೆಟ್ಟೋಯ್ತು ಅನ್ಸುತ್ತೆ.”

ಆರ್ಕೆಸ್ಟ್ರಾದಲ್ಲಿ ನುಡಿಸುವ ನನ್ನ ಹಳೆಯ ಶಿಷ್ಯನೊಬ್ಬ ದಾವಣಗೆರೆಯ ಕಲ್ಯಾಣ ಮಂಟಪದಿಂದ ಫೋನ್ ಮಾಡಿದ್ದ. ರಿಸೆಪ್ಷನ್ ಶುರುವಾಗಲು ಇನ್ನು ಮುಕ್ಕಾಲು ಗಂಟೆ ಇತ್ತು. ಹಿಂದೆ ಯಾರೋ ಮೈಕ್ ತಟ್ಟಿ “ಹಲೋ, ಚೆಕ್” ಅನ್ನುತ್ತಿದ್ದರು. ಮೆಲೊಡಿ ಹಾಡೊಂದರ ಫ್ಲೂಟ್ ಬಿಟ್‌ಗೆ ಅವನು ರಿವರ್ಸ್ ರಿವರ್ಬ್, ಅಂದರೆ ಮರುದನಿ ಇಳಿಯುವ ಬದಲು ಏರುತ್ತಾ ಬರುವ ಎಫೆಕ್ಟ್, ಹಾಕಿಕೊಂಡಿದ್ದ. ಮನೆಯಲ್ಲಿ ಹೆಡ್‌ಫೋನ್‌ನಲ್ಲಿ ಕೇಳಿದಾಗ ಮೈ ಜುಮ್ ಅನ್ನುವಂತಿತ್ತಂತೆ. ಸ್ಟೇಜಿನ ಮೇಲೆ ರಿದಮ್ ಜೊತೆ ಸೇರಿದ್ದೇ ತಡ, ಒಂದೊಂದು ಸ್ವರವೂ ಹಿಂದೆ ಬೀಳತೊಡಗಿತು.

ಕೀಬೋರ್ಡ್ ಕೆಟ್ಟಿರಲಿಲ್ಲ. ಹತ್ತು ನಿಮಿಷದಲ್ಲಿ ಫೋನಿನಲ್ಲೇ ಸರಿಯಾಯಿತು. ಈ ಎಫೆಕ್ಟ್ ಬಗ್ಗೆ ನನಗೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಯಂತ್ರ ಸರಿಯಾಗೇ ಇರುತ್ತದೆ. ಸದ್ದು ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರುತ್ತಿದೆ ಅನ್ನುವುದು ನುಡಿಸುವವರಿಗೆ ಗೊತ್ತಿರುವುದಿಲ್ಲ. ಆ ದಾರಿ ಗೊತ್ತಾಗುವ ಮೊದಲೇ ಸಿಕ್ಕಿದ್ದನ್ನೆಲ್ಲ ತಿರುಗಿಸಿದರೆ, ಇದ್ದ ಒಂದು ತೊಂದರೆಗೆ ಇನ್ನೆರಡು ಸೇರಿಕೊಳ್ಳುತ್ತವೆ. ಅದಕ್ಕೇ ನಾನು ಯಾವ ಕ್ರಮದಲ್ಲಿ ಹುಡುಕುತ್ತೇನೋ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ

ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿ ನೋಡಿದವರಿಗೆ ಮಾಮೂಲಿ ರಿವರ್ಬ್ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಮೊದಲ ಸದ್ದು ಜೋರು. ಆಮೇಲೆ ಮರುದನಿ ಒಂದರ ಹಿಂದೆ ಒಂದು ಬಂದು, ಕ್ರಮೇಣ ಸಣ್ಣಗಾಗಿ ಅಡಗುತ್ತದೆ. ಹಾಲ್, ರೂಮ್, ಪ್ಲೇಟ್, ಯಾವುದೇ ರಿವರ್ಬ್ ಆದರೂ ಇಳಿಜಾರೇ.

ರಿವರ್ಸ್ ರಿವರ್ಬ್ ಇದರ ತಿರುಗುಮುರುಗು. ಮರುದನಿ ಸಣ್ಣದಾಗಿ ಶುರುವಾಗಿ, ಉಬ್ಬುತ್ತಾ ಬಂದು, ತುದಿಯಲ್ಲಿ ಟಕ್ಕನೆ ನಿಲ್ಲುತ್ತದೆ. 1960ರ ದಶಕದ ಕೊನೆಯಲ್ಲಿ ಸ್ಟುಡಿಯೊಗಳಲ್ಲಿ ಇದನ್ನು ಟೇಪಿನಲ್ಲೇ ಮಾಡುತ್ತಿದ್ದರು. ಟೇಪನ್ನು ಹಿಂದುಮುಂದಾಗಿ ಓಡಿಸಿ, ಅದಕ್ಕೆ ಎಕೋ ಹಾಕಿ ಇನ್ನೊಂದು ಟ್ರ್ಯಾಕ್‌ಗೆ ತುಂಬಿಸಿ, ಮತ್ತೆ ಸರಿಯಾಗಿ ತಿರುಗಿಸಿ ಕೇಳುತ್ತಿದ್ದರು. ಆಗ ಮರುದನಿ ಸ್ವರಕ್ಕಿಂತ ಮೊದಲು ಬರುತ್ತದೆ. ಗಾಯಕ ಬಾಯಿ ತೆರೆಯುವ ಮುಂಚೆಯೇ ಅವನ ದನಿ ದೂರದಿಂದ ಹರಿದು ಬಂದ ಹಾಗೆ ಇರುತ್ತದೆ.

ಇಲ್ಲೇ ಮುಖ್ಯವಾದ ಸಂಗತಿ ಇರುವುದು. ನೀವು ಲೈವ್ ನುಡಿಸುವಾಗ ಕೀಬೋರ್ಡ್ ಇದನ್ನು ಮಾಡಲಾರದು. ಮುಂದಿನ ಕ್ಷಣ ನೀವು ಯಾವ ಕೀ ಒತ್ತುತ್ತೀರಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಅದು ಬೇರೆ ಉಪಾಯ ಮಾಡುತ್ತದೆ. ನೀವು ಕೀ ಒತ್ತಿದ ಮೇಲೆ ನೂರಾರು ಚಿಕ್ಕ ಪ್ರತಿಧ್ವನಿಗಳನ್ನು ಏರುವ ಕ್ರಮದಲ್ಲಿ ಜೋಡಿಸಿ, ಗೊತ್ತು ಮಾಡಿದ ಹೊತ್ತಿಗೆ ಬಾಗಿಲು ಮುಚ್ಚಿಬಿಡುತ್ತದೆ. ಆ ಬಾಗಿಲಿಗೇ ಗೇಟ್ ಅನ್ನುವುದು. 1985ರಲ್ಲಿ ಬಂದ ಯಮಹಾ ಎಸ್‌ಪಿಎಕ್ಸ್‌90 ಎಂಬ ಎಫೆಕ್ಟ್ ಯಂತ್ರದಲ್ಲೇ ರಿವರ್ಸ್ ಗೇಟ್ ಇತ್ತು. ಈಗಿನ ಕೀಬೋರ್ಡ್‌ಗಳಲ್ಲಿ ಇರುವುದು ಅದೇ ವಂಶದ್ದು.

ಅಂದರೆ ಕೀಬೋರ್ಡಿನ ರಿವರ್ಸ್ ರಿವರ್ಬ್ ಯಾವತ್ತೂ ಸ್ವರದ ಹಿಂದೆಯೇ ಬರುತ್ತದೆ. ಇದನ್ನು ಒಪ್ಪಿಕೊಂಡು ಶುರುಮಾಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ನಿಮ್ಮ ಕೀಬೋರ್ಡಿನಲ್ಲಿ ಅದು ಇದೆಯಾ?

ಮೊದಲು ಇದನ್ನು ನೋಡಿಬಿಡಿ. ಕಡಿಮೆ ಬೆಲೆಯ ಎಷ್ಟೋ ಪೋರ್ಟಬಲ್ ಕೀಬೋರ್ಡ್‌ಗಳಲ್ಲಿ ಹಾಲ್, ರೂಮ್, ಸ್ಟೇಜ್, ಪ್ಲೇಟ್, ಇಷ್ಟೇ ಇರುತ್ತವೆ. ಇಲ್ಲದ್ದನ್ನು ಸೆಟ್ಟಿಂಗ್ ಬದಲಿಸಿ ತರಲು ಆಗುವುದಿಲ್ಲ.

ಕೆಲವು ಸಲ ಇರುತ್ತದೆ, ಆದರೆ ನಾವು ಹುಡುಕುವ ಜಾಗ ತಪ್ಪಿರುತ್ತದೆ. ಯಮಹಾ 1994ರಲ್ಲಿ ತಂದ ಎಕ್ಸ್‌ಜಿ ಪದ್ಧತಿಯಲ್ಲಿ ರಿವರ್ಬ್ ಪಟ್ಟಿ ಪೂರ್ತಿ ಜಾಲಾಡಿದರೂ ರಿವರ್ಸ್ ಸಿಗುವುದಿಲ್ಲ. ಅದು ವೇರಿಯೇಷನ್ ಪಟ್ಟಿಯಲ್ಲಿ ‘ರಿವರ್ಸ್ ಗೇಟ್’ ಅಂತ ಇದೆ. ಪೋರ್ಟಬಲ್ ಮಾದರಿಗಳಲ್ಲಿ ಈ ಪಟ್ಟಿಗೆ ಡಿಎಸ್‌ಪಿ ಅಂತ ಹೆಸರಿರುವುದು ಸಾಮಾನ್ಯ. ನಮ್ಮ ಆರ್ಕೆಸ್ಟ್ರಾದವರ ಅಚ್ಚುಮೆಚ್ಚಿನ ರೋಲ್ಯಾಂಡ್ ಎಕ್ಸ್‌ಪಿ-60ರಲ್ಲಿ ಇನ್ನೊಂದು ಥರ. ಅಲ್ಲಿ ಎಫೆಕ್ಟ್‌ನ ಹೆಸರು ‘ಗೇಟ್ ರಿವರ್ಬ್’. ಅದರ ಒಳಗೆ ಹೋದರೆ ಟೈಪ್ ಅನ್ನುವ ಕಡೆ ನಾರ್ಮಲ್, ರಿವರ್ಸ್, ಸ್ವೀಪ್ 1, ಸ್ವೀಪ್ 2 ಸಿಗುತ್ತವೆ. ಹೊರಗಿನ ಪಟ್ಟಿಯಲ್ಲಿ ರಿವರ್ಸ್ ಅನ್ನುವ ಪದ ಕಾಣದೆ ‘ಇದರಲ್ಲಿ ಇಲ್ಲ ಬಿಡಿ’ ಅಂದುಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೊಂದು ಗೊಂದಲ. ಟೋನ್ ಪಟ್ಟಿಯ ಕೊನೆಯಲ್ಲಿ 120ನೇ ನಂಬರಿಗೆ ‘ರಿವರ್ಸ್ ಸಿಂಬಲ್’ ಇರುತ್ತದೆ. ಅದು ಡ್ರಮ್ ಸೆಟ್ಟಿನ ಕಂಚಿನ ತಟ್ಟೆಯ ಸದ್ದನ್ನು ಉಲ್ಟಾ ಓಡಿಸಿದ ರೆಕಾರ್ಡಿಂಗ್, ಅಷ್ಟೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪರೀಕ್ಷೆಗೆ ಸರಿಯಾದ ಟೋನ್ ಇಟ್ಟುಕೊಳ್ಳಿ

ಸ್ಟ್ರಿಂಗ್ಸ್ ಟೋನ್ ಇಟ್ಟುಕೊಂಡು ರಿವರ್ಸ್ ರಿವರ್ಬ್ ಪರೀಕ್ಷೆ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ತಗಡಿನ ಮಾಡಿನ ಮೇಲೆ ಒಂದೊಂದೇ ಹನಿ ಬಿದ್ದರೆ ಎಣಿಸಬಹುದು. ಜಡಿಮಳೆ ಹಿಡಿದರೆ ಹನಿ ಎಲ್ಲಿ, ಒಂದೇ ಸಮನೆ ಭೋರ್ ಅನ್ನುತ್ತದೆ ಅಷ್ಟೇ. ಉದ್ದಕ್ಕೆ ನಿಲ್ಲುವ ಸ್ವರದಲ್ಲೂ ಹೀಗೇ ಆಗುತ್ತದೆ. ಪ್ರತಿ ಕ್ಷಣದ ಸದ್ದಿಗೂ ಒಂದೊಂದು ಏರಿಕೆ ಹುಟ್ಟಿ, ಒಂದರ ಮೇಲೊಂದು ಬಿದ್ದು, ಕೊನೆಗೆ ಸ್ವರ ನಿಧಾನವಾಗಿ ಶುರುವಾದ ಹಾಗೆ ಮಾತ್ರ ಕೇಳಿಸುತ್ತದೆ. ಏರಿಕೆಯ ಆಕಾರ ಕಿವಿಗೆ ಸಿಗುವುದೇ ಇಲ್ಲ. ‘ರಿವರ್ಸ್ ಕೆಲಸ ಮಾಡ್ತಿಲ್ಲ’ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಮರಿಂಬಾ ಅಥವಾ ಕ್ಸೈಲೊಫೋನ್ ಇಟ್ಟುಕೊಳ್ಳಿ. ಒಂದು ಕೀಯನ್ನು ಚಿಟಿಕೆ ಹೊಡೆದ ಹಾಗೆ ಮುಟ್ಟಿ ಬಿಡಿ. ‘ಟಕ್’ ಅಂದ ಮೇಲೆ ‘ಶ್‌ಶ್‌ಷ್ವಾಪ್’ ಅಂತ ಏರಿ ನಿಂತರೆ ರಿವರ್ಸ್ ಸರಿಯಾಗಿ ಕೆಲಸ ಮಾಡುತ್ತಿದೆ. ‘ಟಕ್’ ಆದ ಮೇಲೆ ಇಳಿಯುತ್ತಾ ಹೋದರೆ ಅದು ಬೇರೆ ಯಾವುದೋ ರಿವರ್ಬ್. ಬರೀ ‘ಟಕ್’ ಅಂದರೆ ಎಫೆಕ್ಟ್‌ಗೆ ಸದ್ದೇ ತಲುಪುತ್ತಿಲ್ಲ.

ಡ್ರಮ್ ಕಿಟ್ ಕೂಡ ಪರೀಕ್ಷೆಗೆ ಬೇಡ. ಡ್ರಮ್‌ನಲ್ಲಿ ಒಂದೊಂದು ಕೀಗೂ ಎಫೆಕ್ಟ್ ಪ್ರಮಾಣ ಬೇರೆ ಬೇರೆ ಇಟ್ಟಿರುತ್ತಾರೆ. ಬಾಸ್ ಡ್ರಮ್‌ಗೆ ಕಡಿಮೆ, ಸ್ನೇರ್‌ಗೆ ಜಾಸ್ತಿ. ಅದನ್ನು ಕೇಳಿ ನಿರ್ಧಾರಕ್ಕೆ ಬಂದರೆ ದಾರಿ ತಪ್ಪುತ್ತೀರಿ.

ಪರೀಕ್ಷೆ ಮುಗಿಯುವ ತನಕ ಸಸ್ಟೇನ್ ಪೆಡಲ್ ಕಿತ್ತಿಡಿ. ಪೆಡಲ್‌ನ ಪೊಲಾರಿಟಿ ಉಲ್ಟಾ ಇದ್ದರೆ ಕಾಲು ಎತ್ತಿದಾಗಲೇ ಸ್ವರ ನಿಲ್ಲದೆ ಎಳೆಯುತ್ತಾ ಹೋಗುತ್ತದೆ. ನೀವು ಮಾತ್ರ ರಿವರ್ಬ್‌ನಲ್ಲೇ ತಪ್ಪು ಹುಡುಕುತ್ತಾ ಕೂರುತ್ತೀರಿ.

ದೂರು: ಸದ್ದು ತಡವಾಗಿ ಬರುತ್ತಿದೆ

ಎಫೆಕ್ಟ್ ಪೂರ್ತಿ ಆಫ್ ಮಾಡಿ, ಅದೇ ಕೀ ಒತ್ತಿ. ಈಗಲೂ ತಡವಾದರೆ ರಿವರ್ಬ್‌ನ ತಪ್ಪಿಲ್ಲ. ಮೂರು ಕಡೆ ನೋಡಿ.

ಬ್ಲೂಟೂತ್ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸುತ್ತಿದ್ದರೆ ತಂತಿಗೆ ಬನ್ನಿ. ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗುತ್ತದೆ, ಕೆಲವು ಸಲ ಅದಕ್ಕೂ ಜಾಸ್ತಿ. ಹಾಡು ಕೇಳಲು ಅದು ಸಾಕು, ನುಡಿಸಲು ಸಾಧ್ಯವೇ ಇಲ್ಲ. ಕಂಪ್ಯೂಟರ್ ಮೂಲಕ ಕೇಳುತ್ತಿದ್ದರೆ ಬಫರ್ ಸೈಜ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸದ್ದು ಕೂಡಿಟ್ಟುಕೊಂಡು ಕಳಿಸುತ್ತದೆ ಅನ್ನುವುದನ್ನು ನೋಡಿ. 44,100 ಹರ್ಟ್ಜ್‌ನಲ್ಲಿ 1024 ಸ್ಯಾಂಪಲ್ ಅಂದರೆ ಬಫರ್ ಒಂದರಲ್ಲೇ ಸುಮಾರು 23 ಮಿಲಿಸೆಕೆಂಡ್. 256ಕ್ಕೆ ಇಳಿಸಿದರೆ ಆರಕ್ಕೆ ಬರುತ್ತದೆ. ಇನ್ನು ಸ್ಟೇಜಿನ ಮೇಲೆ ನಿಮ್ಮ ಹತ್ತಿರ ಮಾನಿಟರ್ ಇಲ್ಲದೆ, ಹತ್ತು ಮೀಟರ್ ಆಚೆಯ ಸ್ಪೀಕರನ್ನೇ ಕೇಳಿಕೊಂಡು ನುಡಿಸುತ್ತಿದ್ದರೆ, ಗಾಳಿಯಲ್ಲಿ ಬರುವಷ್ಟರಲ್ಲೇ ಹತ್ತಿರ ಹತ್ತಿರ 30 ಮಿಲಿಸೆಕೆಂಡ್ ಹೋಗಿರುತ್ತದೆ. ಬೆರಳಿಗೆ ಇದು ಗೊತ್ತಾಗುತ್ತದೆ.

ಎಫೆಕ್ಟ್ ಆಫ್ ಮಾಡಿದಾಗ ಸರಿಹೋದರೆ ತಪ್ಪು ರಿವರ್ಬ್ ಸೆಟ್ಟಿಂಗ್‌ನಲ್ಲೇ ಇದೆ. ಆಗ ಮೊದಲು ನೋಡಬೇಕಾದದ್ದು ಡ್ರೈ ಮತ್ತು ವೆಟ್ ಪ್ರಮಾಣ. ಡ್ರೈ ಅಂದರೆ ಎಫೆಕ್ಟ್ ಸೋಕದ ಸ್ವರ, ವೆಟ್ ಅಂದರೆ ಮರುದನಿ. ರಿವರ್ಸ್‌ನಲ್ಲಿ ವೆಟ್ ಏರಲು ಸಮಯ ಬೇಕಲ್ವಾ? ಡ್ರೈ ಪೂರ್ತಿ ಇಳಿಸಿ ವೆಟ್ ಮಾತ್ರ ಬಿಟ್ಟರೆ ಸ್ವರದ ಮೊನೆಯೇ ಹೋಗಿ, ಬರೀ ಉಬ್ಬು ಉಳಿಯುತ್ತದೆ. ಕಿವಿ ಆ ಉಬ್ಬಿನ ತುದಿಯನ್ನೇ ಸ್ವರ ಅಂದುಕೊಳ್ಳುತ್ತದೆ. ಹಾಗಾಗಿ ತಡ ಅನ್ನಿಸುತ್ತದೆ. ಎಕ್ಸ್‌ಜಿ ಯಂತ್ರಗಳ ಪರದೆಯಲ್ಲಿ ಇದು ‘ಡಿ63>ಡಬ್ಲ್ಯೂ’ ಅನ್ನುವುದರಿಂದ ಹಿಡಿದು ‘ಡಿ<ಡಬ್ಲ್ಯೂ63’ ತನಕ ಕಾಣುತ್ತದೆ. ನಡುವೆ ‘ಡಿ=ಡಬ್ಲ್ಯೂ’ ಬರುತ್ತದೆ. ನಾನು ನಡುವಿನಿಂದ ಶುರುಮಾಡಿ, ಡ್ರೈ ಕಡೆಗೆ ಹತ್ತು ಹದಿನೈದು ಅಂಕಿ ಸರಿಸುತ್ತೇನೆ. ರಾಗದ ಸಾಲು ನುಡಿಸಲು ಅಷ್ಟು ಬೇಕೇ ಬೇಕು.

ಆಮೇಲೆ ಪ್ರಿ-ಡಿಲೇ, ಅಂದರೆ ಸ್ವರ ಬಂದ ಮೇಲೆ ಮರುದನಿ ಶುರುವಾಗುವ ತನಕದ ಬಿಡುವು. ಎಕ್ಸ್‌ಜಿಯಲ್ಲಿ ಇದರ ಹೆಸರು ಇನಿಷಿಯಲ್ ಡಿಲೇ. ಮಾಮೂಲಿ ಹಾಲ್ ರಿವರ್ಬ್‌ಗೆ 20-30 ಮಿಲಿಸೆಕೆಂಡ್ ಪ್ರಿ-ಡಿಲೇ ಚೆಂದ, ಸ್ವರ ಸ್ವಚ್ಛವಾಗಿ ಕೇಳಿಸುತ್ತದೆ. ರಿವರ್ಸ್‌ಗೆ ಅದು ಬೇಡ. ಏರಿಕೆ ಹೇಗೂ ಮೆಲ್ಲಗೆ ಶುರುವಾಗುವುದರಿಂದ ಸ್ವರಕ್ಕೆ ಜಾಗ ಇದ್ದೇ ಇರುತ್ತದೆ. ಸೊನ್ನೆಗೆ ಇಳಿಸಿ, ಅಥವಾ ಸಿಗುವಷ್ಟು ಕಡಿಮೆ ಇಡಿ.

ಇವೆರಡೂ ಸರಿ ಇದ್ದು, ಒಬ್ಬರೇ ನುಡಿಸಿದಾಗ ಚೆನ್ನಾಗಿದ್ದು, ರಿದಮ್ ಬಂದ ಕೂಡಲೇ ಕೆಡುತ್ತದೆ ಅಂದರೆ, ಗೇಟ್ ಟೈಮ್, ಅಂದರೆ ಬಾಗಿಲು ಮುಚ್ಚುವ ತನಕದ ಹೊತ್ತು, ಲಯಕ್ಕೆ ಕೂತಿಲ್ಲ ಅಂತ ಅರ್ಥ. ದಾವಣಗೆರೆಯಲ್ಲಿ ಆಗಿದ್ದು ಇದೇ. ರಿವರ್ಸ್‌ನಲ್ಲಿ ಸದ್ದು ಅತಿ ಜೋರಾಗುವುದು ಬಾಗಿಲು ಮುಚ್ಚುವ ಮುಂಚಿನ ಕ್ಷಣದಲ್ಲಿ. ಅದು ಒಂದು ಪೆಟ್ಟಿನ ಹಾಗೆ ಕೇಳಿಸುತ್ತದೆ. ಆ ಪೆಟ್ಟು ತಾಳದ ಮೇಲೆ ಬಿದ್ದರೆ ಸೊಗಸು. ಎರಡು ಪೆಟ್ಟಿನ ನಡುವೆ ಎಲ್ಲೋ ಬಿದ್ದರೆ ನುಡಿಸುವವರಿಗೆ ಲಯ ಇಲ್ಲ ಅನ್ನಿಸಿಬಿಡುತ್ತದೆ.

ಲೆಕ್ಕ ಸುಲಭ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಅಂಕಿಯಿಂದ) ಭಾಗಿಸಿ. ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ಅದರ ಅರ್ಧ ಅಥವಾ ಕಾಲು ಭಾಗವೇ ನಿಮ್ಮ ಗೇಟ್ ಟೈಮ್. 120 ಬಿಪಿಎಂ ಹಾಡಿಗೆ ಬೀಟ್ 500, ಅರ್ಧ 250, ಕಾಲು 125. 100 ಬಿಪಿಎಂಗೆ 600, 300, 150. ಅವತ್ತಿನ ಹಾಡು 104ರಲ್ಲಿತ್ತು. ಬೀಟ್‌ಗೆ 577, ಅರ್ಧಕ್ಕೆ 288. ಹುಡುಗ ಕಿವಿಗೆ ಹಿತವಾಯಿತು ಅಂತ 400 ಇಟ್ಟಿದ್ದ. ಹೆಡ್‌ಫೋನ್‌ನಲ್ಲಿ ಒಬ್ಬನೇ ನುಡಿಸುವಾಗ ತಾಳ ಎಲ್ಲಿತ್ತು, ಗೊತ್ತಾಗಲು? 290ಕ್ಕೆ ಇಳಿಸಿ, ಡ್ರೈ ಸ್ವಲ್ಪ ಏರಿಸು ಅಂದೆ. ಫೋನ್ ಹಾಗೇ ಹಿಡಿದು ಎರಡು ಸಾಲು ನುಡಿಸಿದ. ಫ್ಲೂಟ್‌ನ ಒಂದೊಂದು ಸ್ವರದ ಹಿಂದೆಯೂ ಉಸಿರೊಂದು ಏರಿ ಬಂದು ಸರಿಯಾಗಿ ಢೋಲಕ್‌ನ ಪೆಟ್ಟಿನಲ್ಲಿ ಮುಳುಗುತ್ತಿತ್ತು.

ಎಕ್ಸ್‌ಪಿ-60ರಂಥ ಯಂತ್ರಗಳಲ್ಲಿ ಗೇಟ್ ಟೈಮ್ 5ರಿಂದ 500 ಮಿಲಿಸೆಕೆಂಡ್ ತನಕ ನೇರವಾಗಿ ಕೊಡಬಹುದು. ಎಕ್ಸ್‌ಜಿಯ ರಿವರ್ಸ್ ಗೇಟ್‌ನಲ್ಲಿ ಆ ಹೆಸರಿನ ಸೆಟ್ಟಿಂಗ್ ಇಲ್ಲ. ಅಲ್ಲಿ ರೂಮ್ ಸೈಜ್ ಹೆಚ್ಚಿಸಿದರೆ ಏರಿಕೆ ಉದ್ದವಾಗುತ್ತದೆ, ತಗ್ಗಿಸಿದರೆ ಗಿಡ್ಡವಾಗುತ್ತದೆ. ಮೆಟ್ರೊನೋಮ್ ಹಾಕಿಕೊಂಡು, ಮರಿಂಬಾದ ಒಂದು ಸ್ವರವನ್ನು ಬೀಟ್‌ಗೆ ಸರಿಯಾಗಿ ಹೊಡೆಯುತ್ತಾ, ತುದಿ ಎಲ್ಲಿ ಬೀಳುತ್ತದೆ ಅಂತ ಕೇಳಿ ಹೊಂದಿಸಿಕೊಳ್ಳಬೇಕು.

ಬೇಗ ಬೇಗ ನುಡಿಸುವ ಬಿಟ್‌ಗೆ ರಿವರ್ಸ್ ಹಾಕಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಏರಿಕೆ ಮುಗಿಯುವ ಮೊದಲೇ ಮುಂದಿನ ನಾಲ್ಕು ಸ್ವರ ಬಂದುಬಿಟ್ಟರೆ ಯಾವ ಸೆಟ್ಟಿಂಗೂ ಕೈಹಿಡಿಯುವುದಿಲ್ಲ.

ದೂರು: ಎಷ್ಟು ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ

ಇದು ಸದ್ದಿನ ದಾರಿಯ ಸಮಸ್ಯೆ. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಕೀಬೋರ್ಡಿನೊಳಗೆ ಎಫೆಕ್ಟ್ ಎರಡು ರೀತಿಯಲ್ಲಿ ಸೇರಿಕೊಳ್ಳುತ್ತದೆ. ಒಂದು, ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯ ಹಾಗೆ. ಟೋನಿನ ಸದ್ದೆಲ್ಲ ಅದರ ಮೂಲಕವೇ ಹೋಗಬೇಕು. ಇದಕ್ಕೆ ಇನ್ಸರ್ಷನ್ ಅನ್ನುತ್ತಾರೆ. ಇನ್ನೊಂದು, ಹೊಳೆಯಿಂದ ತೆಗೆದ ಕಾಲುವೆಯ ಹಾಗೆ. ಮೂಲ ಸದ್ದು ತನ್ನ ಪಾಡಿಗೆ ಹೋಗುತ್ತದೆ, ಅದರಲ್ಲಿ ಒಂದು ಪಾಲು ಮಾತ್ರ ಎಫೆಕ್ಟ್‌ಗೆ ಹೋಗಿ ಬಂದು ಸೇರುತ್ತದೆ. ಇದು ಸಿಸ್ಟಮ್. ಎಷ್ಟು ಪಾಲು ಹೋಗಬೇಕು ಅನ್ನುವುದು ಸೆಂಡ್, ಎಷ್ಟು ವಾಪಸ್ ಬರಬೇಕು ಅನ್ನುವುದು ರಿಟರ್ನ್.

ಎಕ್ಸ್‌ಜಿಯಲ್ಲಿ ವೇರಿಯೇಷನ್ ಎಫೆಕ್ಟನ್ನು ಎರಡೂ ರೀತಿ ಜೋಡಿಸಬಹುದು. ತೊಡಕಾಗುವುದು ಇಲ್ಲೇ. ಡ್ರೈ/ವೆಟ್ ಸೆಟ್ಟಿಂಗ್ ಕೆಲಸ ಮಾಡುವುದು ಇನ್ಸರ್ಷನ್ ಇದ್ದಾಗ ಮಾತ್ರ. ಸಿಸ್ಟಮ್‌ನಲ್ಲಿದ್ದರೆ ಆ ಅಂಕಿ ಪರದೆಯ ಮೇಲೆ ಬದಲಾಗುತ್ತದೆ, ಸದ್ದಿನಲ್ಲಿ ಏನೂ ಆಗುವುದಿಲ್ಲ. ಆಗ ನೋಡಬೇಕಾದದ್ದು ವೇರಿಯೇಷನ್ ಸೆಂಡ್. ಕೀಬೋರ್ಡ್, ಕಂಪ್ಯೂಟರ್ ಪರಸ್ಪರ ಸಂದೇಶ ಕಳಿಸುವ ಮಿಡಿ ಭಾಷೆಯಲ್ಲಿ ಅದು ಕಂಟ್ರೋಲ್ ಚೇಂಜ್ 94. ರಿವರ್ಬ್ ಸೆಂಡ್ 91, ಕೋರಸ್ ಸೆಂಡ್ 93. ಮೂರಕ್ಕೂ 0ಯಿಂದ 127ರ ತನಕ ಬೆಲೆ ಇದೆ. ರಿವರ್ಸ್ ಬೇಕು ಅಂತ 91ನ್ನೇ ಏರಿಸುತ್ತಾ ಹೋದರೆ ಹಾಲ್ ರಿವರ್ಬ್ ಜಾಸ್ತಿಯಾಗುತ್ತದೆ, ರಿವರ್ಸ್ ಬರುವುದಿಲ್ಲ. ಇನ್ಸರ್ಷನ್‌ನಲ್ಲಿ ಇದ್ದರೆ ಇನ್ನೊಂದು ಪ್ರಶ್ನೆ: ಅದು ಯಾವ ಪಾರ್ಟ್‌ಗೆ (ಒಟ್ಟಿಗೆ ನುಡಿಯುವ ಟೋನ್‌ಗಳಲ್ಲಿ ಯಾವುದಕ್ಕೆ) ಜೋಡಣೆಯಾಗಿದೆ? ಒಂದೇ ಪಾರ್ಟ್‌ಗೆ ಸೇರುವುದರಿಂದ, ನೀವು ನುಡಿಸುವುದು ಬಲಗೈ ಟೋನ್ ಆಗಿದ್ದು ಎಫೆಕ್ಟ್ ಎಡಗೈಗೆ ಹೋಗಿ ಕೂತಿದ್ದರೆ ಕೇಳಿಸುವುದಾದರೂ ಹೇಗೆ?

ಎಕ್ಸ್‌ಪಿ ಸರಣಿಯಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಒಂದೇ ಸದ್ದನ್ನು ನುಡಿಸುವ ಪ್ಯಾಚ್ ಮೋಡ್‌ನಲ್ಲಿ ರಿವರ್ಸ್ ಸೊಗಸಾಗಿ ಕೇಳಿಸುತ್ತದೆ. ಅದೇ ಪ್ಯಾಚನ್ನು, ಹಲವು ಪ್ಯಾಚ್ ಒಟ್ಟಿಗೆ ಸೇರುವ ಪರ್ಫಾರ್ಮೆನ್ಸ್‌ಗೆ ಹಾಕಿದರೆ ಮಾಯ. ಪ್ಯಾಚ್ ಕೆಟ್ಟಿಲ್ಲ. ಪರ್ಫಾರ್ಮೆನ್ಸ್‌ನಲ್ಲಿ ಎಲ್ಲ ಪಾರ್ಟ್‌ಗೂ ಸೇರಿ ಇರುವುದು ಒಂದೇ ಎಫೆಕ್ಟ್ ಯಂತ್ರ. ಅದು ಯಾರ ಸೆಟ್ಟಿಂಗ್ ಪಾಲಿಸಬೇಕು ಅಂತ ಹೇಳುವುದು ‘ಎಫೆಕ್ಟ್ ಸೋರ್ಸ್’. ಅದನ್ನು ನಿಮ್ಮ ಫ್ಲೂಟ್ ಇರುವ ಪಾರ್ಟ್ ನಂಬರಿಗೆ ಇಡಿ. ಆ ಪಾರ್ಟ್‌ನ ಔಟ್‌ಪುಟ್ ಎಫೆಕ್ಟ್ ಕಡೆಗೆ ಹೋಗುತ್ತಿದೆಯೇ, ಬರೀ ಮಿಕ್ಸ್‌ಗೆ ಹೋಗುತ್ತಿದೆಯೇ ಅಂತಲೂ ನೋಡಿ. ಒಂದೇ ಯಂತ್ರ ಆದ್ದರಿಂದ ಫ್ಲೂಟ್‌ಗೆ ರಿವರ್ಸ್ ಕೊಟ್ಟರೆ, ಆರ್ಗನ್‌ಗೆ ಬೇಕಾದ ರೋಟರಿ (ತಿರುಗುವ ಸ್ಪೀಕರಿನಂಥ ಎಫೆಕ್ಟ್) ಅದೇ ಪರ್ಫಾರ್ಮೆನ್ಸ್‌ನಲ್ಲಿ ಸಿಗುವುದಿಲ್ಲ. ಯಾವುದಾದರೂ ಒಂದನ್ನು ಬಿಡಲೇಬೇಕು.

ದೂರು: ಟೋನ್ ಬದಲಿಸಿದ ಕೂಡಲೇ ಹೋಗಿಬಿಡುತ್ತದೆ

ಹಲವು ಕೀಬೋರ್ಡ್‌ಗಳಲ್ಲಿ ಪ್ರತಿ ಟೋನೂ ತನ್ನ ಎಫೆಕ್ಟನ್ನು ಜೊತೆಗೇ ತರುತ್ತದೆ. ಫ್ಲೂಟ್‌ಗೆ ಅರ್ಧ ಗಂಟೆ ಕೂತು ರಿವರ್ಸ್ ಹೊಂದಿಸಿರುತ್ತೀರಿ. ಮಧ್ಯೆ ಪಿಯಾನೊಗೆ ಹೋಗಿ ಬಂದರೆ ಕಂಪನಿಯವರು ಕೊಟ್ಟ ಸೆಟ್ಟಿಂಗ್ ಬಂದು ಕೂತಿರುತ್ತದೆ. ಇದನ್ನು ತಡೆಯಲು ಯಮಹಾದಲ್ಲಿ ವಾಯ್ಸ್ ಸೆಟ್ ಅನ್ನುವ ಆಯ್ಕೆ ಇರುವ ಮಾದರಿಗಳಿವೆ. ಅಲ್ಲಿ ಎಫೆಕ್ಟ್ ಆಫ್ ಮಾಡಬಹುದು. ನನ್ನ ಪ್ರಕಾರ ರಿಜಿಸ್ಟ್ರೇಷನ್ ಮೆಮೊರಿಗೆ, ಅಥವಾ ಯೂಸರ್ ಪ್ಯಾಚ್ ಆಗಿ ಉಳಿಸಿಕೊಳ್ಳುವುದೇ ಮೇಲು. ಉಳಿಸಿದ ಮೇಲೆ ಬೇರೆ ಟೋನ್‌ಗೆ ಹೋಗಿ, ವಾಪಸ್ ಬಂದು, ಕಿವಿಯಾರೆ ಕೇಳಿ ಖಚಿತಪಡಿಸಿಕೊಳ್ಳಿ.

ಉಳಿಸಿದ್ದು ಪವರ್ ಆಫ್ ಮಾಡಿದ ಮೇಲೆ ಹೋಗುತ್ತಿದ್ದರೆ, ಅದರಲ್ಲೂ ಯಂತ್ರ ಇಪ್ಪತ್ತು ವರ್ಷ ಹಳೆಯದಾಗಿದ್ದರೆ, ಒಳಗಿನ ಬ್ಯಾಟರಿ ಮುಗಿದಿರಬಹುದು. ಆ ಕಾಲದ ಸಿಂಥ್‌ಗಳಲ್ಲಿ ಮೆಮೊರಿ ಕಾಯಲು ಸಿಆರ್2032ರಂಥ ಬಿಲ್ಲೆ ಬ್ಯಾಟರಿ ಹಾಕಿರುತ್ತಾರೆ. ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಆದರೆ ಅದನ್ನು ಬದಲಿಸುವ ಮೊದಲು ಪ್ಯಾಚ್‌ಗಳನ್ನು ಫ್ಲಾಪಿಗೋ ಮಿಡಿ ಮೂಲಕ ಕಂಪ್ಯೂಟರಿಗೋ ತೆಗೆದಿಟ್ಟುಕೊಳ್ಳಿ. ಫ್ಯಾಕ್ಟರಿ ರೀಸೆಟ್‌ಗೂ ಇದೇ ಮಾತು. ವರ್ಷಗಟ್ಟಲೆ ಕೂತು ಮಾಡಿದ ಪ್ಯಾಚ್‌ಗಳು ಒಂದು ಗುಂಡಿ ಒತ್ತಿದ್ದಕ್ಕೆ ಹೋಗಿಬಿಟ್ಟರೆ ಆ ಹೊಟ್ಟೆಯುರಿ ಬೇಗ ಆರುವುದಿಲ್ಲ.

ದೂರು: ಎಲ್ಲ ಕಲಸಿಹೋಗುತ್ತಿದೆ

ಎಷ್ಟು ರಿವರ್ಬ್ ಒಟ್ಟಿಗೆ ಇದೆ ಅಂತ ಎಣಿಸಿ. ಕೀಬೋರ್ಡಿನ ರಿವರ್ಸ್ ಒಂದು. ಅದರ ಜೊತೆ ಆನ್ ಆಗೇ ಇರುವ ಹಾಲ್ ಒಂದು. ಸೌಂಡ್‌ನವರು ಮಿಕ್ಸರ್‌ನಲ್ಲಿ ಹಾಕಿದ್ದು ಮೂರನೆಯದು. ಕಲ್ಯಾಣ ಮಂಟಪದ ಗ್ರಾನೈಟ್ ನೆಲ, ಬೋಳು ಗೋಡೆ ಕೊಡುವುದು ನಾಲ್ಕನೆಯದು. ನಾಲ್ಕನೆಯದನ್ನು ತೆಗೆಯಲು ಆಗದು. ಮೂರನೆಯದಕ್ಕೆ ಸೌಂಡ್‌ನವರ ಹತ್ತಿರ ಹೋಗಿ, “ಕೀಬೋರ್ಡ್ ಚಾನೆಲ್‌ಗೆ ಎಫೆಕ್ಟ್ ಹಾಕ್ಬೇಡಿ ಅಣ್ಣಾ, ನಾನೇ ಹಾಕಿದೀನಿ” ಅಂತ ಸೌಂಡ್ ಚೆಕ್ ಹೊತ್ತಿನಲ್ಲೇ ಹೇಳಿ. ಎರಡನೆಯದನ್ನು ನೀವೇ ತಗ್ಗಿಸಿ. ಪೂರ್ತಿ ಬೇಡ ಅನ್ನುವುದಿಲ್ಲ. ಗೇಟ್ ಟಕ್ಕನೆ ಮುಚ್ಚುವುದು ತೀರಾ ಒರಟು ಅನ್ನಿಸಿದರೆ ಚೂರು ಹಾಲ್ ಇದ್ದರೆ ಆ ಅಂಚು ಮೆತ್ತಗಾಗುತ್ತದೆ.

ಕೆಳಗಿನ ಸ್ವರಗಳಲ್ಲೇ ಗುಂಯ್ ಅನ್ನುವುದು ಜಾಸ್ತಿ ಇದ್ದರೆ ಎಫೆಕ್ಟ್‌ನ ಹೈಪಾಸ್ ಫಿಲ್ಟರನ್ನು (ದಪ್ಪ ಸದ್ದನ್ನು ತಡೆಯುವ ಜರಡಿಯನ್ನು) 200-300 ಹರ್ಟ್ಜ್ ಹತ್ತಿರ ಇಡಿ. ಮೂಲ ಸ್ವರದ ತೂಕ ಹಾಗೇ ಇರುತ್ತದೆ, ಮರುದನಿಯ ಕೆಸರು ಮಾತ್ರ ಹೋಗುತ್ತದೆ. ಗೇಟ್ ಮುಚ್ಚುವಾಗ ‘ಚಟ್’ ಅಂತ ಸದ್ದು ಬರುತ್ತಿದ್ದರೂ ಬಹಳ ಸಲ ಇದೇ ಮದ್ದು. ದಪ್ಪ ಬಾಸ್ ಅಲೆಯನ್ನು ನಡುವೆ ಕತ್ತರಿಸಿದಾಗಲೇ ಆ ಸದ್ದು ಜಾಸ್ತಿ.

ಸ್ವರ ನಿಂತ ಮೇಲೂ ಕೂಗುತ್ತಾ ಇದ್ದರೆ ಫೀಡ್‌ಬ್ಯಾಕ್ ಲೆವೆಲ್ ನೋಡಿ. ಎಕ್ಸ್‌ಜಿಯಲ್ಲಿ ಅದು ಮೈನಸ್ 63ರಿಂದ ಪ್ಲಸ್ 63ರ ತನಕ ಇದೆ. ರಿವರ್ಸ್‌ಗೆ ಸೊನ್ನೆಯೇ ಸರಿ. ಹೊರಬಂದ ಏರಿಕೆಯನ್ನು ಮತ್ತೆ ಒಳಗೆ ಬಿಟ್ಟರೆ ಏರಿಕೆಯ ಮೇಲೆ ಏರಿಕೆ ಹತ್ತಿ ಆಕಾರವೇ ಕೆಡುತ್ತದೆ.

ಕೇಬಲ್ ಬಗ್ಗೆ ಒಂದು ಮಾತು. ಮಿಕ್ಸರ್‌ನಲ್ಲಿ ಒಂದೇ ಚಾನೆಲ್ ಕೊಟ್ಟಿದ್ದರೆ ಎಲ್/ಮೋನೊ ಅಂತ ಬರೆದಿರುವ ಜ್ಯಾಕಿಗೇ ಹಾಕಿ. ಬಲಗಡೆಯದ್ದಕ್ಕೆ ಮಾತ್ರ ಹಾಕಿದರೆ ಅರ್ಧ ಮರುದನಿ ಕೀಬೋರ್ಡಿನಲ್ಲೇ ಉಳಿಯುತ್ತದೆ. ಹೆಡ್‌ಫೋನ್‌ನಲ್ಲಿ ಅಗಲವಾಗಿ ಹರಡಿದ್ದ ರಿವರ್ಸ್ ಮೋನೊದಲ್ಲಿ ಸ್ವಲ್ಪ ಸೊರಗುವುದು ಸಹಜ. ಆಗ ವೆಟ್ ಒಂದೆರಡು ಅಂಕಿ ಏರಿಸಿಕೊಳ್ಳಿ.

ಸ್ವರಕ್ಕಿಂತ ಮೊದಲೇ ಬರಬೇಕು ಅಂದರೆ

ಹಾಡಿನ ಮೊದಲ ಸ್ವರಕ್ಕೆ ಮುಂಚೆ ಆ ಏರಿಕೆ ಬರಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಮೊದಲೇ ತಯಾರಿಸಿಟ್ಟುಕೊಳ್ಳಬೇಕು. ಉಚಿತವಾಗಿ ಸಿಗುವ ಆಡಾಸಿಟಿಯಲ್ಲೇ ಆಗುತ್ತದೆ. ಮೊದಲ ಸ್ವರವನ್ನು ಎಫೆಕ್ಟ್ ಇಲ್ಲದೆ ರೆಕಾರ್ಡ್ ಮಾಡಿ. ಟ್ರ್ಯಾಕನ್ನು ನಕಲು ಮಾಡಿಕೊಂಡು, ನಕಲನ್ನು ರಿವರ್ಸ್ ಮಾಡಿ. ಅದರ ಕೊನೆಗೆ ಮೂರು ಸೆಕೆಂಡ್ ಖಾಲಿ ಜಾಗ ಸೇರಿಸಿ. ಇದನ್ನು ಮರೆಯುವವರೇ ಜಾಸ್ತಿ. ಆಯ್ಕೆ ಮಾಡಿದ ಭಾಗ ಎಲ್ಲಿಗೆ ಮುಗಿಯುತ್ತದೋ ರಿವರ್ಬ್ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಖಾಲಿ ಜಾಗ ಇದ್ದರೆ ತಾನೆ ಮರುದನಿಗೆ ಕಾಲು ಚಾಚಲು ಆಗುವುದು? ಖಾಲಿ ಜಾಗವೂ ಸೇರಿದಂತೆ ಎಲ್ಲ ಆಯ್ಕೆ ಮಾಡಿ, ‘ವೆಟ್ ಓನ್ಲಿ’ಗೆ ಗುರುತು ಹಾಕಿ ರಿವರ್ಬ್ ಕೊಡಿ. ಮತ್ತೆ ರಿವರ್ಸ್ ಮಾಡಿ. ಈಗ ಏರಿಕೆ ಮುಂದಕ್ಕೆ ಬಂದಿರುತ್ತದೆ.

ಆ ಏರಿಕೆಯನ್ನು ಸರಿಯಾಗಿ ಒಂದು ಆವರ್ತದಷ್ಟು ಉದ್ದಕ್ಕೆ ಕತ್ತರಿಸಿ. 104 ಬಿಪಿಎಂನಲ್ಲಿ ನಾಲ್ಕು ಬೀಟ್ ಅಂದರೆ ಸುಮಾರು 2.3 ಸೆಕೆಂಡ್. ತುದಿ ಹಾಗೇ ಇರಲಿ, ಮುಂದಿನ ಕಡೆಯಿಂದ ಕತ್ತರಿಸಿ, ಅಲ್ಲಿ ಸಣ್ಣ ಫೇಡ್ ಇನ್ ಕೊಡಿ. 44.1 ಕಿಲೊಹರ್ಟ್ಜ್, 16 ಬಿಟ್ ವೇವ್ ಫೈಲ್ ಆಗಿ ಉಳಿಸಿ ಸ್ಯಾಂಪಲ್ ಪ್ಯಾಡ್‌ಗೆ ಹಾಕಿಕೊಳ್ಳಿ.

ದಾವಣಗೆರೆಯ ಹುಡುಗ ಈಗ ಇದನ್ನೇ ಮಾಡುತ್ತಾನೆ. ಡ್ರಮ್ಮರ್ ಕೋಲು ತಟ್ಟಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುವಾಗ ಒಂದಕ್ಕೆ ಎಡಗೈಯಲ್ಲಿ ಪ್ಯಾಡ್ ಒತ್ತುತ್ತಾನೆ. ನಾಲ್ಕು ಮುಗಿಯುವಷ್ಟರಲ್ಲಿ ಏರಿಕೆ ತುದಿಗೆ ಬಂದಿರುತ್ತದೆ. ಬಲಗೈ ಅಷ್ಟು ಹೊತ್ತಿಗೆ ಫ್ಲೂಟ್‌ನ ಮೊದಲ ಸ್ವರದ ಮೇಲೆ ಇಳಿಯುತ್ತದೆ.